ಅಲಾರಂ ‘ವೆಂಟ್ ಆಫ್’ ಅಂದರೆ ನಿಂತಿತೋ, ಹೊಡೆಯಿತೋ? ಒಂದು ದೋಷ ನಿವಾರಣೆ ಕೈಪಿಡಿ

ದೂರು ಬಂದದ್ದು ಹೀಗೆ: ‘ದಿ ಅಲಾರಂ ವೆಂಟ್ ಆಫ್ ಅಟ್ ಟೂ ಟೆನ್ ಎಎಂ. ಪ್ಲೀಸ್ ಚೆಕ್.’ ಇಷ್ಟೇ.

ನಾನು ದಾವಣಗೆರೆಯಲ್ಲಿ ಅಂಗಡಿ, ಗೋಡೌನ್‌ಗಳಿಗೆ ಕಳ್ಳರ ಅಲಾರಂ ಮತ್ತು ಕ್ಯಾಮೆರಾ ಹಾಕುವ ಕೆಲಸ ಮಾಡುತ್ತೇನೆ. ಈ ಗೋಡೌನ್ ಇರುವುದು ಮಂಡಕ್ಕಿ ಹುರಿಯುವ ಭಟ್ಟಿಗಳ ಕಡೆ. ಮಾಲೀಕರು ಬೇರೆ ಊರಲ್ಲಿದ್ದಾರೆ. ಅಲಾರಂ ನಡೆಸುವ ಪೆಟ್ಟಿಗೆ, ಅಂದರೆ ಪ್ಯಾನೆಲ್‌ನಿಂದ ಅವರ ಫೋನಿಗೆ ಮೆಸೇಜ್ ಹೋಗುತ್ತದೆ, ಅವರು ನನಗೆ ಇಂಗ್ಲಿಷಿನಲ್ಲಿ ಮೇಲ್ ಹಾಕುತ್ತಾರೆ. ನಾನು ಓದಿಕೊಂಡದ್ದು, ರಾತ್ರಿ ಎರಡು ಹತ್ತಕ್ಕೆ ಅಲಾರಂ ಆಫ್ ಆಯಿತು ಅಂತ. ಆಫ್ ಆಯಿತು ಅಂದರೆ ಬಂದ್ ಆಯಿತು, ಅಲ್ವಾ? ಬಂದ್ ಆಗುವ ಅಲಾರಂನಲ್ಲಿ ಮೊದಲು ನೋಡಬೇಕಾದದ್ದು ಬ್ಯಾಟರಿ. ಹೋಗಿ ಮೀಟರ್ ಇಟ್ಟೆ. 12.8 ವೋಲ್ಟ್ ತೋರಿಸಿತು, ಅಂದರೆ ಫುಲ್ ಚಾರ್ಜ್. ಆದರೂ ಹಳೆಯದಾಗಿದೆ ಅಂತ ಹೊಸ 12 ವೋಲ್ಟ್, 7 ಎಎಚ್ ಬ್ಯಾಟರಿ ಹಾಕಿ ಬಂದೆ.

ಮೂರನೇ ದಿನ ಮತ್ತೆ ಮೇಲ್. ‘ಇಟ್ ವೆಂಟ್ ಆಫ್ ಅಗೇನ್. ಟ್ವೈಸ್.’ ಈ ಸಲ ಅಡಾಪ್ಟರ್ ಬದಲಿಸಿದೆ, ವೈರಿನ ಜಾಯಿಂಟ್ ಎಲ್ಲ ಬಿಚ್ಚಿ ಹೊಸದಾಗಿ ಕಟ್ಟಿದೆ. ವಾರ ಕಳೆಯಲಿಲ್ಲ, ‘ಇಟ್ ಕೀಪ್ಸ್ ಗೋಯಿಂಗ್ ಆಫ್’ ಅಂತ ಬಂತು. ಮಾಲೀಕರ ಮಾತಿನಲ್ಲಿ ಬೇಸರ ಕಾಣುತ್ತಿತ್ತು. ಆ ದಿನ ಸಂಜೆ ಗೋಡೌನ್ ಕಾಯುವ ಅಜ್ಜನನ್ನು ಕೇಳಿದೆ.

‘ಅಜ್ಜ, ರಾತ್ರಿ ಇದು ಬಂದ್ ಆಗ್ತಾ ಐತಂತಲ್ಲ?’

‘ಬಂದ್ ಎಲ್ಲಿ ಆಗ್ತೈತಪ್ಪಾ? ಎಲ್ಡು ಗಂಟೆಗೆ ಒಂದೇ ಸಮ ಬಡ್ಕಂತೈತಿ. ನಾನೇ ಎದ್ದೋಗಿ ಗುಂಡಿ ಒತ್ತಿ ನಿಲ್ಸಾದು.’

ದೋಷ ಎರಡು ಇದ್ದವು. ಒಂದು ಗೋಡೌನ್ ಒಳಗೆ, ಇನ್ನೊಂದು ನಾನು ಆ ವಾಕ್ಯ ಓದಿದ ರೀತಿಯಲ್ಲಿ. ಎರಡನೆಯದು ಸರಿಯಾಗದೆ ಮೊದಲನೆಯದು ಸಿಗುವಂತೆಯೇ ಇರಲಿಲ್ಲ. ನನ್ನ ಜೊತೆ ಕೆಲಸ ಮಾಡುವ ಹುಡುಗರು ನನ್ನ ಹಾಗೆ ಕನ್ನಡ ಮೀಡಿಯಂನಲ್ಲಿ ಓದಿದವರು. ಕೈಕೆಲಸದಲ್ಲಿ ಯಾರಿಗೂ ಕಮ್ಮಿ ಇಲ್ಲ. ಆದರೆ ದೂರು ಬರುವುದು ಇಂಗ್ಲಿಷಿನಲ್ಲಿ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ದೋಷದ ಮೂಲ: ನಮ್ಮ ಕನ್ನಡದ ‘ಆಫ್’

ಆಫ್ ಅನ್ನುವುದು ಈಗ ಕನ್ನಡ ಪದವೇ ಆಗಿಬಿಟ್ಟಿದೆ. ಲೈಟ್ ಆಫ್ ಮಾಡು, ಗಾಡಿ ಆಫ್ ಆಯ್ತು, ಫೋನ್ ಆಫ್ ಆಗಿದೆ. ಎಲ್ಲ ಕಡೆ ಒಂದೇ ಅರ್ಥ, ನಿಲ್ಲುವುದು. ಸ್ವಿಚ್ ಬೋರ್ಡಿನಿಂದ ನಮ್ಮ ಬಾಯಿಗೆ ಬಂದ ಪದ ಇದು, ಸ್ವಿಚ್ಚಿನ ಅರ್ಥ ಮಾತ್ರ ಹೊತ್ತುಕೊಂಡು ಬಂದಿದೆ.

ಇಂಗ್ಲಿಷಿನಲ್ಲಿ ಈ ಪದ ಕರೆಂಟು ಬರುವುದಕ್ಕಿಂತ ಎಷ್ಟೋ ಶತಮಾನ ಮುಂಚಿನದು. ‘ಕಪ್ ಆಫ್ ಟೀ’ಯಲ್ಲಿರುವ ಆಫ್, ‘ಸ್ವಿಚ್ ಆಫ್’ನಲ್ಲಿರುವ ಆಫ್, ಎರಡನ್ನೂ ನಾವು ಕನ್ನಡದಲ್ಲಿ ಒಂದೇ ಥರ ಬರೆಯುತ್ತೇವೆ. ಹಳೆಯ ಇಂಗ್ಲಿಷಿನಲ್ಲೂ ಅವೆರಡೂ ಒಂದೇ ಪದವಾಗಿದ್ದವು. ಒತ್ತಿ ಹೇಳುವಾಗಿನ ರೂಪಕ್ಕೆ, ಅಂದರೆ ‘ಸ್ವಿಚ್ ಆಫ್’ನ ಆಫ್‌ಗೆ, ಬೇರೆ ಸ್ಪೆಲಿಂಗ್ ಗಟ್ಟಿಯಾದದ್ದು 17ನೇ ಶತಮಾನದ ಹೊತ್ತಿಗೆ. ಆ ಪದದ ಮೂಲ ಅರ್ಥ ‘ಇಲ್ಲಿಂದ ದೂರಕ್ಕೆ, ಇದ್ದದ್ದನ್ನು ಬಿಟ್ಟು’ ಅಂತ. ನಿಲ್ಲುವುದು ಅನ್ನುವುದು ಅದರ ಅರ್ಥಗಳಲ್ಲಿ ಒಂದು ಮಾತ್ರ.

ಹಾಗಾಗಿ ಗೋ ಆಫ್ ಅಂದರೆ, ಒಂದು ವಸ್ತು ಇದ್ದ ಸ್ಥಿತಿ ಬಿಟ್ಟು ಹೋಯಿತು ಅಂತ ಇಟ್ಟುಕೊಳ್ಳಿ. ಯಾವ ಸ್ಥಿತಿಯಲ್ಲಿತ್ತು ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಮೊದಲ ಪರೀಕ್ಷೆ: ಅದು ಓಡುತ್ತಿತ್ತೋ, ಕಾಯುತ್ತಿತ್ತೋ?

ವಾಕ್ಯದಲ್ಲಿ ‘ಆಫ್’ ನೋಡಬೇಡಿ. ‘ವೆಂಟ್’ಗಿಂತ ಮುಂಚೆ ಯಾವ ವಸ್ತುವಿನ ಹೆಸರಿದೆ ನೋಡಿ. ಆ ವಸ್ತು ಸಾಮಾನ್ಯವಾಗಿ ಹೇಗಿರುತ್ತದೆ ಅಂತ ಕೇಳಿಕೊಳ್ಳಿ.

ಲೈಟು, ಫ್ಯಾನು, ಎಸಿ, ಟಿವಿ, ಕರೆಂಟು. ಇವು ಓಡುತ್ತಾ ಇರುವಂಥವು. ಓಡುವುದನ್ನು ಬಿಟ್ಟವು ಅಂದರೆ ನಿಂತವು. ‘ದಿ ಪವರ್ ವೆಂಟ್ ಆಫ್’ ಅಂದರೆ ಕರೆಂಟ್ ಹೋಯ್ತು. ಇಲ್ಲಿ ನಮ್ಮ ಊಹೆ ಸರಿಯಾಗಿಯೇ ಕೆಲಸ ಮಾಡುತ್ತದೆ. ಅದಕ್ಕೇ ಬೇರೆ ಕಡೆ ಮೋಸ ಹೋಗುತ್ತೇವೆ.

ಅಲಾರಂ, ಸೈರನ್, ಬಾಂಬು, ಬಂದೂಕು, ಪಟಾಕಿ, ಇಲಿ ಬೋನು, ಕಾರಿನ ಏರ್‌ಬ್ಯಾಗ್, ಬೆಂಕಿ ಬಿದ್ದರೆ ತಾನಾಗಿ ನೀರು ಚಿಮ್ಮಿಸುವ ಸ್ಪ್ರಿಂಕ್ಲರ್, ಕ್ಯಾಮೆರಾದ ಫ್ಲ್ಯಾಶ್. ಇವು ಕಾಯುತ್ತಾ ಕೂತಿರುವಂಥವು. ಒಳಗೆ ಶಕ್ತಿ ತುಂಬಿಕೊಂಡು ಸುಮ್ನೆ ಇರುತ್ತವೆ. ಸುಮ್ಮನಿರುವುದನ್ನು ಬಿಟ್ಟವು ಅಂದರೆ ಹೊಡೆದವು, ಸಿಡಿದವು, ಕೂಗಿದವು. ಚಿತ್ರದುರ್ಗದ ಕೋಟೆಯಲ್ಲಿ ಮದ್ದು ಬೀಸುವ ದೊಡ್ಡ ದೊಡ್ಡ ಕಲ್ಲುಗಳನ್ನು ನೋಡಿದ್ದೀರಲ್ಲ, ಅಲ್ಲಿ ಬೀಸಿದ ಮದ್ದನ್ನೇ ನೆನೆಸಿಕೊಳ್ಳಿ. ಕಿಡಿ ತಾಗುವ ತನಕ ಅದು ಬರೀ ಪುಡಿ. ಕಿಡಿ ತಾಗಿದ ಕ್ಷಣ ‘ಗೋಸ್ ಆಫ್’. ‘ದಿ ಗನ್ ವೆಂಟ್ ಆಫ್’ ಅನ್ನುವುದಕ್ಕೆ ನಾವು ‘ಗುಂಡು ಹಾರಿತು’ ಅನ್ನುತ್ತೇವೆ. ನಮ್ಮ ‘ಹಾರಿತು’ದಲ್ಲೂ ಬಿಟ್ಟು ಹೋಗುವ ಅರ್ಥವೇ ಇದೆ, ನೋಡಿ.

ಅಲಾರಂ ಅನ್ನುವ ಪದದ ಹುಟ್ಟು ಗೊತ್ತಿದ್ದರೆ ಇದು ಮರೆಯುವುದೇ ಇಲ್ಲ. ಇಟಲಿ ಭಾಷೆಯಲ್ಲಿ ‘ಆಯುಧ ಹಿಡೀರಿ’ ಅಂತ ಕೂಗುವ ಮಾತಿನಿಂದ ಬಂದದ್ದು ಅದು. ಅದರ ಕೆಲಸವೇ ಕೂಗುವುದು. ನಮ್ಮ ಊರಿನ ಹಿರಿಯರು ಹತ್ತಿ ಗಿರಣಿಗಳ ಕಾಲದ ಮಾತು ಎತ್ತಿದರೆ ‘ಮಿಲ್ ಕೂಗ್ತು’ ಅನ್ನುತ್ತಾರೆ. ಇಂಗ್ಲಿಷಿನವರು ಅದನ್ನೇ ‘ದಿ ಸೈರನ್ ವೆಂಟ್ ಆಫ್’ ಅನ್ನುತ್ತಾರೆ.

ಈಗ ಈ ವಾಕ್ಯ ಓದಿ: ‘ದಿ ಪವರ್ ವೆಂಟ್ ಆಫ್ ಅಂಡ್ ದೆನ್ ದಿ ಅಲಾರಂ ವೆಂಟ್ ಆಫ್.’ ಅದೇ ಎರಡು ಪದ, ಎರಡು ಸಲ. ಮೊದಲನೆಯದು ನಿಂತಿತು, ಎರಡನೆಯದು ಹೊಡೆಯಿತು. ನಮ್ಮ ಹುಡುಗರಿಗೆ ನಾನು ಮೊದಲ ದಿನ ಕೊಡುವುದು ಇದೇ ವಾಕ್ಯ. ಇದನ್ನು ತಡವರಿಸದೆ ಹೇಳಿದರೆ ಮುಂದಿನದು ಸುಲಭ.

ಆ ಗೋಡೌನಿನ ದೋಷ ಏನಾಗಿತ್ತು

ವಾಕ್ಯ ಸರಿಯಾಗಿ ಓದಿದ ಮೇಲೆ ಕೆಲಸ ತಿರುಗಿಯೇ ಹೋಯಿತು. ನಿಲ್ಲುವ ಅಲಾರಂಗೆ ಬ್ಯಾಟರಿ, ಅಡಾಪ್ಟರ್, ವೈರು ನೋಡಬೇಕು. ಸುಮ್ಸುಮ್ನೆ ಹೊಡೆಯುವ ಅಲಾರಂಗೆ ಸೆನ್ಸರ್ ನೋಡಬೇಕು. ಅಲ್ಲಿದ್ದದ್ದು ಪಿಐಆರ್ ಸೆನ್ಸರ್. ಅದು ಬೆಳಕು ಬಿಡುವುದಿಲ್ಲ, ಶಬ್ದ ಕೇಳುವುದಿಲ್ಲ. ಎದುರಿನ ಜಾಗದಿಂದ ಬರುವ ಶಾಖದ ಕಿರಣ ಇದ್ದಕ್ಕಿದ್ದ ಹಾಗೆ ಬದಲಾದರೆ ಅದಕ್ಕೆ ಗೊತ್ತಾಗುತ್ತದೆ. ಮನುಷ್ಯ ನಡೆದರೆ ಹಾಗಾಗುತ್ತದೆ. ಇಲಿ, ಬೆಕ್ಕು ಓಡಿದರೂ ಆಗಬಹುದು, ಲೆನ್ಸಿನ ಮೇಲೆ ಜೇಡ ಹರಿದರೂ ಆಗಬಹುದು, ಬಿಸಿಗಾಳಿ ನುಗ್ಗಿದರೂ ಆಗಬಹುದು.

ಲೆನ್ಸ್ ಒರೆಸಿದೆ. ಜೇಡ ಇರಲಿಲ್ಲ. ಪ್ಯಾನೆಲ್ಲಿನ ಲಾಗ್, ಅಂದರೆ ಯಾವಾಗ ಏನಾಯಿತು ಅನ್ನುವ ದಾಖಲೆ, ತೆಗೆದು ನೋಡಿದರೆ ಹೊಡೆದದ್ದೆಲ್ಲ ರಾತ್ರಿ ಎರಡರಿಂದ ಮೂರರ ಒಳಗೆ, ಅದೂ ಪ್ರತಿದಿನ ಅಲ್ಲ. ಈ ಲಾಗನ್ನು ನಾನು ಮೊದಲ ದಿನವೇ ನೋಡಬೇಕಿತ್ತು. ಅಜ್ಜನ ಜೊತೆ ಒಂದು ರಾತ್ರಿ ಅಲ್ಲೇ ಕೂತೆ. ಪಕ್ಕದ ಭಟ್ಟಿಯವರು ಕೆಲಸ ಜಾಸ್ತಿ ಇದ್ದ ದಿನ ಆ ಹೊತ್ತಿಗೇ ಒಲೆ ಹಚ್ಚುತ್ತಾರೆ. ಬಿಸಿಗಾಳಿ ಗೋಡೌನಿನ ವೆಂಟಿಲೇಟರ್‌ನಿಂದ ಒಳಗೆ ಬರುತ್ತದೆ, ಅಲ್ಲಿ ನೇತು ಹಾಕಿದ್ದ ತಾಡಪಾಲು ಬಿಸಿಯಾಗಿ ಅಲ್ಲಾಡುತ್ತದೆ, ಸೆನ್ಸರ್ ನೇರ ಅದರ ಕಡೆಗೇ ಮುಖ ಮಾಡಿತ್ತು. ತಾಡಪಾಲು ತೆಗೆಸಿ, ಸೆನ್ಸರನ್ನು ಬೇರೆ ಗೋಡೆಗೆ ಹಾಕಿ, ಶಟರ್ ಕಡೆ ತಿರುಗಿಸಿದೆ. ಅಲ್ಲಿಗೆ ಮುಗಿಯಿತು. ಕೆಲಸ ಅರ್ಧ ಗಂಟೆಯದು, ಅದನ್ನು ಹುಡುಕುವುದಕ್ಕೆ ಹನ್ನೆರಡು ದಿನ ಹೋಯಿತು. ಬ್ಯಾಟರಿಯ ದುಡ್ಡು ಮಾಲೀಕರಿಂದ ತೆಗೆದುಕೊಳ್ಳಲಿಲ್ಲ.

ಎರಡನೇ ಪರೀಕ್ಷೆ: ತಿನ್ನುವ ವಸ್ತುವೋ?

ಹಾಲು, ಮೀನು, ಮಾಂಸ, ಬೆಣ್ಣೆ, ನಿನ್ನೆಯ ಸಾರು. ಇವುಗಳ ಹೆಸರಿನ ಮುಂದೆ ಗೋ ಆಫ್ ಬಂದರೆ ಕೆಟ್ಟುಹೋಯಿತು ಅಂತ. ‘ದಿ ಮಿಲ್ಕ್ ಹ್ಯಾಸ್ ಗಾನ್ ಆಫ್.’ ಚೆನ್ನಾಗಿರುವ ಸ್ಥಿತಿ ಬಿಟ್ಟು ಹೋಯಿತು, ಅಷ್ಟೇ. ನಾವೂ ‘ಕೆಟ್ಟು-ಹೋಯ್ತು’, ‘ಒಡೆದು-ಹೋಯ್ತು’ ಅನ್ನುತ್ತೇವೆ, ನಮ್ಮಲ್ಲೂ ಹೋಗುವುದು ಇದೆ.

ಇದು ಬ್ರಿಟಿಷರ ಮಾತು. ಅಮೆರಿಕದವರು ಹೆಚ್ಚಾಗಿ ‘ಗಾನ್ ಬ್ಯಾಡ್’ ಅನ್ನುತ್ತಾರೆ. ಹಾಗಾಗಿ ದೂರು ಯಾವ ದೇಶದಿಂದ ಬಂತು ಅನ್ನುವುದೂ ಒಂದು ಸುಳಿವು.

ಇಲ್ಲಿ ನಮ್ಮೂರಿನ ತಿಂಡಿ ಇಟ್ಟುಕೊಂಡು ಸ್ವಲ್ಪ ನಿಧಾನವಾಗಿ ನೋಡೋಣ, ಯಾಕೆಂದರೆ ಡಿಕ್ಷನರಿ ನೋಡಿದವರೂ ಇಲ್ಲಿ ಎಡವುತ್ತಾರೆ. ದೋಸೆ ಹಿಟ್ಟು ರಾತ್ರಿ ಇಟ್ಟರೆ ಬೆಳಿಗ್ಗೆಗೆ ಹುಳಿ ಬಂದು ಉಬ್ಬುತ್ತದೆ. ಅದು ನಮಗೆ ಬೇಕಾದದ್ದೇ, ಬೆಣ್ಣೆ ದೋಸೆ ಗರಿಗರಿಯಾಗುವುದಕ್ಕೆ ಹಿಟ್ಟು ಹುಳಿ ಬರಲೇಬೇಕು. ಅದಕ್ಕೆ ‘ಗಾನ್ ಆಫ್’ ಅನ್ನಬಾರದು, ಅಂದರೆ ಹಿಟ್ಟು ಚೆಲ್ಲಬೇಕು ಅಂತ ಅರ್ಥವಾಗುತ್ತದೆ. ಹುಳಿ ಬಂದದ್ದಕ್ಕೆ ‘ಫರ್ಮೆಂಟೆಡ್’. ಮೂರು ದಿನ ಹೊರಗೇ ಉಳಿದು ಕೆಟ್ಟ ವಾಸನೆ ಬಂದರೆ, ಮೇಲೆ ಬಣ್ಣದ ಬೂಷ್ಟು ಕಂಡರೆ, ಆಗ ‘ಗಾನ್ ಆಫ್’.

ಮಂಡಕ್ಕಿ ಮೆತ್ತಗಾದರೆ? ಅದಕ್ಕೂ ‘ಗಾನ್ ಆಫ್’ ಹೊಂದುವುದಿಲ್ಲ. ಮೆತ್ತಗಾದ ಮಂಡಕ್ಕಿ ಕೆಟ್ಟಿಲ್ಲ, ಗಾಳಿಯ ತೇವ ಹೀರಿದೆ, ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಮತ್ತೆ ಗರಿಗರಿ. ಅದಕ್ಕೆ ‘ಗಾನ್ ಸಾಫ್ಟ್’ ಅನ್ನಿ. ಒಣಗಿದ ಬ್ರೆಡ್ಡಿಗೆ ‘ಸ್ಟೇಲ್’. ಒಗ್ಗರಣೆ ಮಂಡಕ್ಕಿಯ ಎಣ್ಣೆ ಕಮಟು ವಾಸನೆ ಬಂದರೆ ಮಾತ್ರ ‘ಗಾನ್ ಆಫ್’ ಸರಿ. ತಿಂದರೆ ತೊಂದರೆ ಇದೆಯೋ ಇಲ್ಲವೋ, ಮೂಗಿಗೆ ನಾಲಿಗೆಗೆ ಒಗ್ಗುತ್ತದೋ ಇಲ್ಲವೋ, ಇದೇ ಗೆರೆ.

ಮೂರನೇ ಪರೀಕ್ಷೆ: ಮನುಷ್ಯರೋ?

ಮನುಷ್ಯರ ಹೆಸರಿನ ಮುಂದೆ ಬಂದರೆ, ವಾಕ್ಯದಲ್ಲಿ ಆಮೇಲೆ ಏನಿದೆ ನೋಡಬೇಕು.

‘ಹಿ ವೆಂಟ್ ಆಫ್ ಟು ಹರಿಹರ’ ಅಂದರೆ ಹರಿಹರಕ್ಕೆ ಹೊರಟುಹೋದ. ‘ಹಿ ವೆಂಟ್ ಆಫ್ ವಿತ್ ಮೈ ಸ್ಕ್ರೂಡ್ರೈವರ್’ ಅಂದರೆ ಕೇಳದೆ ತೆಗೆದುಕೊಂಡು ಹೋದ ಅನ್ನುವ ದೂರು. ‘ವಿತ್’ ಬಂದರೆ ಹುಷಾರಾಗಿ ಓದಿ. ‘ಐ ಹ್ಯಾವ್ ಗಾನ್ ಆಫ್ ಕಾಫಿ’ ಅಂದರೆ ಕಾಫಿ ಮೊದಲಿನಷ್ಟು ಇಷ್ಟವಾಗುತ್ತಿಲ್ಲ. ಇದೂ ಬ್ರಿಟಿಷರದ್ದೇ. ಒಬ್ಬ ಗಿರಾಕಿ ‘ಐ ಹ್ಯಾವ್ ಗಾನ್ ಆಫ್ ದಿ ವೈರ್‌ಲೆಸ್ ಮಾಡೆಲ್’ ಅಂದರೆ ವೈರ್‌ಲೆಸ್ ಕೆಟ್ಟಿದೆ ಅಂತ ಅಲ್ಲ. ಅದು ಅವರಿಗೆ ಈಗ ಮೊದಲಿನಷ್ಟು ಇಷ್ಟವಿಲ್ಲ, ಬೇರೆ ಕೊಟೇಶನ್ ಕಳಿಸಬೇಕು.

‘ಹಿ ವೆಂಟ್ ಆಫ್ ಆನ್ ಮಿ’ ಅಮೆರಿಕದ ಆಡುಮಾತು, ನನ್ನ ಮೇಲೆ ಕೂಗಾಡಿದ ಅಂತ. ಪಟಾಕಿಯ ಅರ್ಥವೇ ಮನುಷ್ಯರಿಗೆ ಬಂದಿದೆ. ನಾವೂ ‘ಸಿಡಿದ’ ಅನ್ನುತ್ತೇವಲ್ಲ.

ಮದುವೆ, ಮೀಟಿಂಗ್, ಜಾತ್ರೆ, ಪರೀಕ್ಷೆ ಇಂಥವುಗಳ ಜೊತೆ ‘ವೆಂಟ್ ಆಫ್ ವೆಲ್’ ಬರುತ್ತದೆ. ಚೆನ್ನಾಗಿ ನಡೆಯಿತು ಅಂತ. ಇಲ್ಲಿ ನಿಲ್ಲುವುದೂ ಇಲ್ಲ, ಸಿಡಿಯುವುದೂ ಇಲ್ಲ. ‘ವೆಲ್’, ‘ಸ್ಮೂತ್ಲಿ’ ಅಂತ ಹೇಗೆ ನಡೆಯಿತು ಅನ್ನುವ ಪದ ಜೊತೆಗೆ ಇದ್ದೇ ಇರುತ್ತದೆ. ಅದನ್ನು ಬಿಟ್ಟು ಬರೀ ‘ದಿ ಫಂಕ್ಷನ್ ವೆಂಟ್ ಆಫ್’ ಅಂತ ಬರೆದರೆ ಓದುವವರಿಗೆ ಅರ್ಧ ವಾಕ್ಯ ಸಿಕ್ಕ ಹಾಗೆ.

ಅತಿ ಹೆಚ್ಚು ಕಾಡುವ ದೋಷ: ಫೋನ್

ನಾವು ಬರೆಯುವಾಗಲೂ ಈ ದೋಷ ಬರುತ್ತದೆ, ಓದುವಾಗ ಮಾತ್ರ ಅಲ್ಲ. ಒಬ್ಬ ಹುಡುಗ ಗಿರಾಕಿಗೆ ‘ಸಾರಿ ಸರ್, ಮೈ ಫೋನ್ ವೆಂಟ್ ಆಫ್’ ಅಂತ ಮೆಸೇಜ್ ಹಾಕಿದ್ದ. ಚಾರ್ಜ್ ಮುಗಿದು ಫೋನ್ ಬಂದ್ ಆಗಿತ್ತು, ಅದಕ್ಕೆ ಕಾಲ್ ತೆಗೆಯಲಿಲ್ಲ ಅನ್ನುವುದು ಅವನ ಮನಸ್ಸಿನಲ್ಲಿದ್ದದ್ದು. ಇಂಗ್ಲಿಷ್ ಚೆನ್ನಾಗಿ ಬಲ್ಲವರು ಅದನ್ನು ‘ನನ್ನ ಫೋನ್ ಹೊಡೆದುಕೊಂಡಿತು’ ಅಂತಲೂ ಓದಬಹುದು. ಫೋನು ರಿಂಗಾಗುವುದಕ್ಕೆ ಕಾಯುತ್ತಾ ಕೂತ ವಸ್ತು. ‘ಹಿಸ್ ಫೋನ್ ವೆಂಟ್ ಆಫ್ ಇನ್ ದಿ ಮೀಟಿಂಗ್’ ಅಂದರೆ ಮೀಟಿಂಗ್ ನಡುವೆ ರಿಂಗಾಯಿತು ಅಂತ. ಹಾಗಾದರೆ ರಿಂಗಾಗಿದ್ದರೂ ಯಾಕೆ ತೆಗೆಯಲಿಲ್ಲ ಅಂತ ಗಿರಾಕಿ ಕೇಳುತ್ತಾರೆ. ಚಾರ್ಜ್ ಮುಗಿದರೆ ‘ಮೈ ಬ್ಯಾಟರಿ ರ್‍ಯಾನ್ ಔಟ್’ ಅಂತ ಬರೆಯಿರಿ. ಗೊಂದಲಕ್ಕೆ ಜಾಗವೇ ಇರುವುದಿಲ್ಲ.

ದೀಪ, ಒಲೆ, ಮೇಣದ ಬತ್ತಿ ಆರಿದರೆ ‘ವೆಂಟ್ ಔಟ್’. ಉರಿ ಇರುವುದಕ್ಕೆ ಔಟ್. ಕರೆಂಟಿನ ಲೈಟಿಗೆ ಎರಡೂ ನಡೆಯುತ್ತದೆ.

ಯಾರು ಮಾಡಿದರು ಅಂತ ಹೇಳಬೇಕಾದಾಗ

ಗೋ ಆಫ್ ತಾನಾಗಿ ಆಗುವುದು. ‘ಐ ವೆಂಟ್ ಆಫ್ ದಿ ಅಲಾರಂ’ ಅಂತ ಬರೆದರೆ ನಾನು ನಿಲ್ಲಿಸಿದೆ ಅನ್ನುವ ಅರ್ಥ ಬರುವುದಿಲ್ಲ. ನೀವು ಹೋಗಿ ನಿಲ್ಲಿಸಿದರೆ ‘ಐ ಟರ್ನ್ಡ್ ಆಫ್ ದಿ ಅಲಾರಂ’. ಯಾರೋ, ಏನೋ ಅದನ್ನು ಹೊಡೆಯುವ ಹಾಗೆ ಮಾಡಿದರೆ ‘ಸೆಟ್ ಆಫ್’. ‘ಎ ಕ್ಯಾಟ್ ಸೆಟ್ ಆಫ್ ದಿ ಅಲಾರಂ’, ಬೆಕ್ಕಿನಿಂದ ಅಲಾರಂ ಹೊಡೆಯಿತು.

ಸರ್ವಿಸ್ ರಿಪೋರ್ಟಿನಲ್ಲಿ ಈ ವ್ಯತ್ಯಾಸ ಬಹಳ ಮುಖ್ಯ. ‘ಬೆಕ್ಕು ಅಲಾರಂ ಸೆಟ್ ಆಫ್ ಮಾಡಿತು’ ಅಂದರೆ ನಮ್ಮ ಸಾಮಾನು ಸರಿ ಇದೆ, ಸೆನ್ಸರಿನ ಜಾಗ ಬದಲಿಸಬೇಕು. ‘ವಾಚ್‌ಮನ್ ಟರ್ನ್ ಆಫ್ ಮಾಡಿದರು’ ಅಂದರೆ ರಾತ್ರಿಯೆಲ್ಲ ಗೋಡೌನಿಗೆ ಕಾವಲಿರಲಿಲ್ಲ. ಒಂದು ಪದ ತಪ್ಪಿದರೆ ಆ ಅಜ್ಜನ ಮೇಲೆ ಇಲ್ಲದ ಆರೋಪ ಬರುತ್ತದೆ. ನಾನು ಬರೆದ ಮೊದಲ ರಿಪೋರ್ಟಿನಲ್ಲಿ ‘ಅಲಾರಂ ವಾಸ್ ಆಫ್ ಅಟ್ ನೈಟ್’ ಅಂತಿತ್ತು. ಮಾಲೀಕರು ಅದನ್ನು ಓದಿ ಅಜ್ಜನಿಗೆ ಫೋನ್ ಮಾಡಿ ‘ಯಾಕೆ ಬಂದ್ ಮಾಡ್ತಿದ್ದೀರಿ?’ ಅಂತ ಕೇಳಿದ್ದರಂತೆ. ಅಜ್ಜ ನನಗೆ ಅದನ್ನು ಹೇಳಿದ್ದು ಎಲ್ಲ ಸರಿಯಾದ ಮೇಲೆ. ಈ ಇಡೀ ವಿಷಯದಲ್ಲಿ ನನಗೆ ಇವತ್ತಿಗೂ ಸಂಕಟ ಆಗುವುದು ಇದೊಂದಕ್ಕೆ. ಮಾಲೀಕರಿಗೆ ಫೋನ್ ಮಾಡಿ, ತಪ್ಪು ನನ್ನ ರಿಪೋರ್ಟಿನದು, ಅವರು ಒಂದು ರಾತ್ರಿಯೂ ಕಾವಲು ತಪ್ಪಿಸಿಲ್ಲ ಅಂತ ಹೇಳಿದೆ.

‘ಸೆಟ್ ಆಫ್’ಗೆ ಹೊರಡುವುದು ಅನ್ನುವ ಅರ್ಥವೂ ಇದೆ. ‘ವಿ ಸೆಟ್ ಆಫ್ ಫಾರ್ ಚಿತ್ರದುರ್ಗ ಅಟ್ ಸಿಕ್ಸ್’ ಅಂದರೆ ಆರಕ್ಕೆ ಚಿತ್ರದುರ್ಗಕ್ಕೆ ಹೊರಟೆವು. ಎದುರಿಗೆ ಅಲಾರಂ, ಬಾಂಬು ಇಲ್ಲದೆ ‘ಫಾರ್’ ಅಂತ ಊರಿನ ಹೆಸರು ಇದ್ದರೆ ಪ್ರಯಾಣ.

ಪರೀಕ್ಷೆಯಲ್ಲೂ ತೀರ್ಮಾನವಾಗದಿದ್ದರೆ

ಕೆಲವು ಉಳಿಯುತ್ತವೆ. ಕಟ್ಟಡದ ಕೆಲಸ ಮಾಡುವ ಬ್ರಿಟಿಷರು ‘ದಿ ಕಾಂಕ್ರೀಟ್ ಈಸ್ ಗೋಯಿಂಗ್ ಆಫ್’ ಅನ್ನುತ್ತಾರೆ. ಕಾಂಕ್ರೀಟ್ ಕೆಡುತ್ತಿದೆ ಅಂತ ಅಲ್ಲ, ಗಟ್ಟಿಯಾಗುತ್ತಿದೆ, ಬೇಗ ಕೈ ಆಡಿಸಿ ಅಂತ. ಮೆತ್ತಗಿರುವ ಸ್ಥಿತಿ ಬಿಟ್ಟು ಹೋಗುತ್ತಿದೆ, ಅಲ್ವಾ? ದುಬೈ ಕಡೆ ಸೈಟ್ ಕೆಲಸಕ್ಕೆ ಹೋಗುವ ಹುಡುಗರು ಇದನ್ನು ಕೇಳಿಸಿಕೊಳ್ಳಬಹುದು.

ನಮ್ಮದೇ ಕೆಲಸದಲ್ಲೂ ಒಂದಿದೆ. ಪ್ಯಾನೆಲ್ಲಿನ ಮೇಲೆ ಜೋರಾಗಿ ಕೂಗುವ ಹೂಟರ್ ಇರುತ್ತದೆ, ಜೊತೆಗೆ ಹಸಿರು ಲೈಟೂ ಇರುತ್ತದೆ. ‘ಇಟ್ ವೆಂಟ್ ಆಫ್’ ಅಂತ ಬರೀ ‘ಇಟ್’ ಹಾಕಿ ಬರೆದರೆ ಯಾವುದು ಅಂತ ಯಾರಿಗೂ ಗೊತ್ತಾಗುವುದಿಲ್ಲ, ಬರೆದವರನ್ನೇ ಕೇಳಬೇಕು. ಕೇಳುವುದಕ್ಕೆ ನಾಚಿಕೆ ಬೇಡ. ಈಗ ನಾನು ಪ್ರತಿ ದೂರಿಗೂ ಗಾಡಿ ಹತ್ತುವ ಮುಂಚೆ ಒಂದೇ ಸಾಲು ವಾಪಸ್ ಹಾಕುತ್ತೇನೆ: ‘ಡಿಡ್ ದಿ ಹೂಟರ್ ರಿಂಗ್, ಆರ್ ಡಿಡ್ ದಿ ಸಿಸ್ಟಮ್ ಸ್ಟಾಪ್?’ ಉತ್ತರ ‘ರಿಂಗ್’ ಅಂದರೆ ಲೆನ್ಸ್ ಒರೆಸುವ ಬಟ್ಟೆ, ಏಣಿ, ಲಾಗ್ ತೆಗೆಯುವ ಕೇಬಲ್. ‘ಸ್ಟಾಪ್’ ಅಂದರೆ ಮೀಟರು, ಬ್ಯಾಟರಿ, ಅಡಾಪ್ಟರು.